ಹೆಸರು, ಕೆಲಸ, ದತ್ತಿ: ಕೋಲಾರ ಸೀಮೆಯ ಸ್ಮಾರಕ ಬರಹಗಳ ಬೆಳಕಿನಲ್ಲಿ ಶಾಲೆಯ ಕಂಚಿನ ಫಲಕ

ಸಾರಾಂಶ

ಹಳೆಯ ವಿದ್ಯಾರ್ಥಿಯೊಬ್ಬರ ನೆನಪಿಗೆ ಶಾಲೆಯ ಗೋಡೆಯಲ್ಲಿ ಲೋಹದ ಫಲಕ ನಿಲ್ಲಿಸುವ ರೂಢಿ ನಮ್ಮಲ್ಲಿ ಹೊಸದು. ಸತ್ತವರ ಹೆಸರನ್ನು ಬರಹಕ್ಕೆ ಒಪ್ಪಿಸಿ ಊರಿನ ನಡುವೆ ನಿಲ್ಲಿಸುವ ರೂಢಿ ಮಾತ್ರ ಸಾವಿರ ವರ್ಷಕ್ಕೂ ಹಳೆಯದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಮುಖ್ಯ ನೆಲೆಯಾಗಿಟ್ಟುಕೊಂಡು, ಶಾಸನಕಾಲದ ಸ್ಮಾರಕಗಳ ಒಳರಚನೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಆ ರಚನೆಯಲ್ಲಿ ಹೆಸರು, ಕೆಲಸ, ದತ್ತಿ, ಕಾವಲು ಎಂಬ ನಾಲ್ಕು ಅಂಗಗಳಿದ್ದವು. ಇಂದಿನ ಫಲಕ ಮೊದಲನೆಯದನ್ನಷ್ಟೇ ಉಳಿಸಿಕೊಂಡು ಉಳಿದ ಮೂರನ್ನು ಬಿಟ್ಟಿದೆ. ಈ ಸೀಮೆಯವರೇ ಆದ ಡಿ.ವಿ.ಜಿ. ಮತ್ತು ಮಾಸ್ತಿಯವರ ಬದುಕನ್ನು ಉದಾಹರಣೆಯಾಗಿಟ್ಟುಕೊಂಡು, ಶಾಲೆಯ ಫಲಕವು ಆ ಅಂಗಗಳನ್ನು ಮರಳಿ ಪಡೆಯಬಹುದಾದ ಬಗೆಯನ್ನು ಕೊನೆಯಲ್ಲಿ ಸೂಚಿಸಲಾಗಿದೆ.

1. ಶಾಲೆಯ ಗೋಡೆಯ ಬರಹಗಳು

ಹಳೆಯ ಸರ್ಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋದರೆ ಸಾಮಾನ್ಯವಾಗಿ ಮೂರು ಬಗೆಯ ಬರಹ ಕಾಣುತ್ತದೆ. ಮೊದಲನೆಯದು ‘ಸೇವೆ ಸಲ್ಲಿಸಿದ ಮುಖ್ಯೋಪಾಧ್ಯಾಯರು’ ಎಂಬ ಬಣ್ಣದ ಹಲಗೆ: ಹೆಸರು, ಯಾವಾಗಿನಿಂದ, ಯಾವಾಗಿನವರೆಗೆ. ಎರಡನೆಯದು ದಾನಿಗಳ ಪಟ್ಟಿ: ಯಾರು, ಎಷ್ಟು ರೂಪಾಯಿ ಅಥವಾ ಏನು ವಸ್ತು ಕೊಟ್ಟರು ಎಂಬ ವಿವರ. ಮೂರನೆಯದು ಕಟ್ಟಡದ ಹೊರಗೋಡೆಗೆ ಕೂರಿಸಿದ ಅಡಿಗಲ್ಲಿನ ಅಥವಾ ಉದ್ಘಾಟನೆಯ ಫಲಕ. ಇದರಲ್ಲಿ ಜನಪ್ರತಿನಿಧಿಗಳ ಮತ್ತು ಅಧಿಕಾರಿಗಳ ಹೆಸರು ಮೇಲಿನಿಂದ ಕೆಳಗೆ ಪದವಿಯ ಕ್ರಮದಲ್ಲಿರುತ್ತದೆ.

ಈ ಮೂರರಲ್ಲೂ ಒಬ್ಬರಿಗೆ ಜಾಗವಿಲ್ಲ. ಆ ಶಾಲೆಯಲ್ಲಿ ಓದಿದ ಮಗುವಿನ ಹೆಸರು ಗೋಡೆಯ ಮೇಲಿಲ್ಲ. ಅದು ಬೀರುವಿನೊಳಗಿನ ದಾಖಲಾತಿ ವಹಿಯಲ್ಲಿ ಮಾತ್ರ ಇದೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ಗುರುವಂದನೆ, ಶತಮಾನೋತ್ಸವ ಮುಂತಾದ ಸಂದರ್ಭಗಳಲ್ಲಿ ಸ್ಮರಣ ಫಲಕ ಹಾಕಿಸಲು ಮುಂದಾಗುವುದು ಈ ಕೊರತೆಯನ್ನು ತುಂಬುವ ಒಳ್ಳೆಯ ಹೆಜ್ಜೆ. ಆದರೆ ಆ ಫಲಕದ ಮೇಲೆ ಏನು ಬರೆಯಬೇಕೆಂಬ ಪ್ರಶ್ನೆ ಬಂದಾಗ ನಾವು ಉದ್ಘಾಟನಾ ಫಲಕವನ್ನೇ ಮಾದರಿಯಾಗಿ ತೆಗೆದುಕೊಳ್ಳುತ್ತೇವೆ. ನೆನೆಯಬೇಕಾದವರ ಹೆಸರಿಗೆ ಒಂದು ಸಾಲು, ಅನಾವರಣ ಮಾಡಿದವರ ಹೆಸರಿಗೆ ಐದು ಸಾಲು. ಇದು ಅಲಂಕಾರದ ದೋಷವೆಂದು ಬಿಟ್ಟುಬಿಡುವಂಥದ್ದಲ್ಲ. ಸ್ಮಾರಕವೆಂದರೇನು ಎಂಬ ತಿಳಿವಳಿಕೆಯೇ ಇಲ್ಲಿ ಸಡಿಲಗೊಂಡಿದೆ. ಆ ತಿಳಿವಳಿಕೆ ಗಟ್ಟಿಯಾಗಿದ್ದ ಕಾಲದ ಬರಹಗಳು ಇದೇ ಸೀಮೆಯ ಹೊಲ, ಕೆರೆ ಏರಿ, ದೇವಸ್ಥಾನದ ಅಂಗಳಗಳಲ್ಲಿ ಇಂದಿಗೂ ನಿಂತಿವೆ.

2. ಕಲ್ಲು ಕಲಿಸುವ ವ್ಯಾಕರಣ

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ತಾಲ್ಲೂಕುವಾರು ಜೋಡಿಸಿದ ಆ ಸಂಪುಟದಲ್ಲಿ ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳಿಗೆ ಪ್ರತ್ಯೇಕ ಭಾಗಗಳಿವೆ. ಕನ್ನಡ, ತಮಿಳು, ತೆಲುಗು, ಸಂಸ್ಕೃತ ಭಾಷೆಗಳ ಬರಹಗಳು ಅಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಗಡಿಸೀಮೆಯ ಬಹುಭಾಷಿಕ ಬದುಕು ಇಂದಿನದಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗಂಗ ಅರಸರು ರಾಜಧಾನಿಯನ್ನು ತಲಕಾಡಿಗೆ ಒಯ್ದ ಮೇಲೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಬಿಟ್ಟುಬಂದ ಕೋಲಾರ ಬಿರುದಿನಲ್ಲಿ ಉಳಿಯಿತು.

ಗಂಗ, ಬಾಣ, ನೊಳಂಬ, ವೈದುಂಬರ ಕದನಗಳಿಗೆ ಈ ಸೀಮೆ ಶತಮಾನಗಳ ಕಾಲ ಅಂಗಳವಾಗಿತ್ತು. ಅದರ ಫಲವಾಗಿ ವೀರಗಲ್ಲುಗಳು ಹೇರಳವಾಗಿವೆ. ತುರುಗೊಳ್ ತಡೆದು ಸತ್ತವರು, ಊರಳಿವಿನಲ್ಲಿ ಕಾದಿದವರು, ಹುಲಿ ಹಂದಿಗಳೊಡನೆ ಹೋರಾಡಿ ಮಡಿದವರು ಈ ಕಲ್ಲುಗಳಲ್ಲಿದ್ದಾರೆ. ಕಲ್ಲಿನ ಸಾಮಾನ್ಯ ರೂಪ ಓದುಗರಿಗೆ ಗೊತ್ತಿರುವಂಥದ್ದೇ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಪಟ್ಟಿಗಳ ನಡುವಿನ ಅಂಚಿನಲ್ಲಿ ಬರಹ. ಬರಹವಿಲ್ಲದ ಕಲ್ಲುಗಳೂ ಸಾಕಷ್ಟಿವೆ. ಮಾಸ್ತಿಕಲ್ಲುಗಳಲ್ಲಂತೂ ಬಳೆ ತೊಟ್ಟ ಎತ್ತಿದ ಕೈಯೊಂದೇ ಗುರುತಾಗಿ ಉಳಿದು ಹೆಣ್ಣಿನ ಹೆಸರು ಬಿಟ್ಟುಹೋಗಿರುವುದು ಹೆಚ್ಚು.

ಈ ಬರಹಗಳ ಒಳರಚನೆಯನ್ನು ನೋಡಲು ಎರಡು ಪ್ರಸಿದ್ಧ ಕಲ್ಲುಗಳನ್ನು ಹತ್ತಿರದಿಂದ ಓದುವುದು ಉಪಯುಕ್ತ. ಎರಡೂ ಕೋಲಾರದ ಆಚೆಯವು. ಆದರೆ ಗಂಗರ ಆಳ್ವಿಕೆಯ ಇಡೀ ಪ್ರದೇಶದ ರೂಢಿಯನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ. ಎರಡೂ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.

ಮೊದಲನೆಯದು ಸುಮಾರು ಕ್ರಿ.ಶ. 900ರ ಬೇಗೂರಿನ ಕಲ್ಲು. ಗಂಗ ಎರೆಯಪ್ಪನ ಕಾಲದಲ್ಲಿ ನಾಗತ್ತರನೆಂಬ ಅಧಿಕಾರಿ ಅಯ್ಯಪದೇವನ ಪರವಾಗಿ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ ಸತ್ತ. ಬರಹ ಇಲ್ಲಿಗೆ ಮುಗಿದಿದ್ದರೆ ಅದು ಹೆಸರು ಮತ್ತು ಸಾವಿನ ದಾಖಲೆಯಾಗಿ ಉಳಿಯುತ್ತಿತ್ತು. ಆದರೆ ಬರಹ ಮುಂದುವರಿಯುತ್ತದೆ. ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಕೊಟ್ಟ ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕೊರೆಯಲಾಗಿದೆ. ಅವುಗಳಲ್ಲಿ ಇಗ್ಗಲೂರಿನಂಥ ಹೆಸರು ಇಂದಿಗೂ ಗುರುತಿಗೆ ಸಿಗುತ್ತದೆ. ಅಂದರೆ ಸತ್ತವನ ಸ್ಥಾನವನ್ನು ಇನ್ನೊಬ್ಬನು ತುಂಬಿದ, ಅವನ ಬದುಕಿಗೆ ಭೂಮಿ ಗೊತ್ತಾಯಿತು. ಆ ಏರ್ಪಾಡಿಗೆ ಕಲ್ಲೇ ಸಾಕ್ಷಿಪತ್ರವಾಯಿತು.

ಎರಡನೆಯದು ಕ್ರಿ.ಶ. 949–50ರ ಆತಕೂರಿನ ಕಲ್ಲು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಚೋಳರನ್ನು ಸೋಲಿಸಿದ ಸಂಗತಿ ಇದರಲ್ಲಿದೆ. ಬೂತುಗನ ಆಳು ಮಣಲೇರನು ಮೆಚ್ಚುಗೆಯಾಗಿ ಕೃಷ್ಣನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅದಕ್ಕೆ ಸೇರಿಸಿದ ಕಟ್ಟಳೆ ಗಮನಾರ್ಹ: ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ. ಸಾಮ್ರಾಜ್ಯದ ಗೆಲುವನ್ನು ಹೇಳುವ ಕಲ್ಲು ಒಂದು ನಾಯಿಯ ನೆನಪಿಗೆ ದಿನನಿತ್ಯದ ಹೊಣೆಗಾರನನ್ನು ಗೊತ್ತುಮಾಡಿದೆ.

ಈ ಎರಡರಿಂದ ಸ್ಮಾರಕ ಬರಹದ ವ್ಯಾಕರಣವನ್ನು ಹೀಗೆ ಬಿಡಿಸಬಹುದು. ಒಂದು, ಹೆಸರು: ಯಾರು, ಯಾರ ಕಾಲದಲ್ಲಿ, ಯಾವ ಊರಿನಲ್ಲಿ. ಎರಡು, ಕೆಲಸ: ಏನು ಮಾಡಿ ಈ ಕಲ್ಲಿಗೆ ಅರ್ಹರಾದರು. ಮೂರು, ದತ್ತಿ: ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಮುಂತಾದ ಹೆಸರಿನಿಂದ ಉಳಿದವರ ಬದುಕಿಗೆ ಮಾಡಿದ ಏರ್ಪಾಡು. ನಾಲ್ಕು, ಕಾವಲು: ಇದನ್ನು ಯಾರು ನಡೆಸಿಕೊಂಡು ಹೋಗಬೇಕು, ಅಳಿದವರಿಗೆ ಏನಾಗುತ್ತದೆ ಎಂಬ ಎಚ್ಚರಿಕೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರುತ್ತದೆ ಎಂಬ ಶಾಪಾಶಯವನ್ನು ಇಂದು ನಾವು ಸವಕಲು ವಾಕ್ಯವೆಂದು ದಾಟಿ ಓದುತ್ತೇವೆ. ಆದರೆ ಅದರ ಕೆಲಸ ಕಾನೂನಿನದು. ಅರಸ ಬದಲಾದರೂ ಏರ್ಪಾಡು ಬದಲಾಗಬಾರದೆಂಬ ಕಾಳಜಿ ಅದರಲ್ಲಿದೆ. ಎಲ್ಲ ಕಲ್ಲಿನಲ್ಲೂ ನಾಲ್ಕು ಅಂಗಗಳೂ ಇರುವುದಿಲ್ಲ. ಪೂರ್ಣ ರೂಪ ಯಾವುದೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

3. ವಿದ್ಯೆಯ ಸ್ಥಾನಗಳು

ಕಾದಿ ಸತ್ತವರಿಗೆ ಸಲ್ಲುವ ಮಾದರಿಯನ್ನು ಓದಿ ಬೆಳೆದವರಿಗೆ ಅನ್ವಯಿಸಬಹುದೇ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರವೂ ಇದೇ ಸೀಮೆಯಲ್ಲಿದೆ.

ಮುಳಬಾಗಿಲು ತಾಲ್ಲೂಕಿನ ಆವಣಿ ನೊಳಂಬರ ಕಾಲದಲ್ಲಿ ದೊಡ್ಡ ಶೈವ ಸ್ಥಾನವಾಗಿತ್ತು. ಹತ್ತನೆಯ ಶತಮಾನದಲ್ಲಿ ಆ ಸ್ಥಾನದ ಹಿರಿಯರಾಗಿದ್ದ ತ್ರಿಭುವನಕರ್ತರ ವಿಷಯವಾಗಿ ಅಲ್ಲಿನ ಶಾಸನ ಹೇಳುವುದು ತಮ್ಮ ಕಾಲದಲ್ಲಿ ಅವರು ಏನು ಮಾಡಿದರೆಂಬುದನ್ನು: 40 ವರ್ಷ ಸ್ಥಾನವನ್ನು ನಡೆಸಿದರು, 50 ದೇಗುಲಗಳನ್ನು ಕಟ್ಟಿಸಿದರು, ಎರಡು ದೊಡ್ಡ ಕೆರೆಗಳನ್ನು ಮಾಡಿಸಿದರು. ಗುರುವಿನ ಹಿರಿಮೆಯನ್ನು ವಿಶೇಷಣಗಳಿಂದ ತೂಗದೆ ಎಣಿಸಬಹುದಾದ ಕೆಲಸಗಳಿಂದ ತೂಗುವ ರೀತಿ ಇದು. ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದವರ ಹೆಸರಿಗೆ ಬೇರೆ ಹೊಗಳಿಕೆಯ ಅಗತ್ಯ ಬೀಳುವುದಿಲ್ಲ.

ಕೋಲಾರದ ಕೋಲಾರಮ್ಮನ ಗುಡಿಯಲ್ಲಿರುವ ಒಂದನೆಯ ಕುಲೋತ್ತುಂಗ ಚೋಳನ ಕಾಲದ ತಮಿಳು ಶಾಸನ ಇನ್ನೂ ಮುಖ್ಯವಾದದ್ದು. ಹನ್ನೊಂದನೆಯ ಶತಮಾನದ ಈ ಬರಹ ಗುಡಿಯ ಪೂಜೆ, ಹಬ್ಬ, ಪರಿಚಾರಕರಿಗೆ ಸಲ್ಲಬೇಕಾದ ಭತ್ತದ ಪಾಲನ್ನು ವಿವರವಾಗಿ ಹೇಳುತ್ತದೆ. ಆ ಪಟ್ಟಿಯಲ್ಲಿ ವ್ಯಾಕರಣವನ್ನೂ ಯಾಮಳ ತಂತ್ರವನ್ನೂ ವ್ಯಾಖ್ಯಾನಿಸುವವನಿಗೂ ಪಾಲಿದೆ. ಪಾಠ ಹೇಳುವವನ ಹೊಟ್ಟೆಪಾಡು ಗೋಡೆಯ ಮೇಲಿನ ಬರಹದಲ್ಲೇ ಗೊತ್ತಾಗಿತ್ತು. ಕಲಿಕೆಯನ್ನು ಕೊಂಡಾಡುವುದಕ್ಕೂ ಅದು ನಡೆಯುವಂತೆ ನೋಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಆ ಒಂದು ಸಾಲು ತಿಳಿಸುತ್ತದೆ.

ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದಲ್ಲಿ ಅವರ ಬಳಿ ಓದಿದವರಲ್ಲಿ ವ್ಯಾಸತೀರ್ಥರು ಒಬ್ಬರು. ಮುಂದೆ ವಿಜಯನಗರದ ಆಸ್ಥಾನದಲ್ಲಿ ಮನ್ನಣೆ ಪಡೆದ, ಪುರಂದರದಾಸರಿಗೆ ಗುರುವಾದ ವ್ಯಾಸತೀರ್ಥರನ್ನು ಮುಳಬಾಗಿಲಿನ ಹಳೆಯ ವಿದ್ಯಾರ್ಥಿ ಎಂದು ಕರೆದರೆ ತಪ್ಪಾಗದು. ಇಲ್ಲಿ ಗುರುವಿನ ಸ್ಮರಣೆ ಪ್ರತಿ ವರ್ಷದ ಆರಾಧನೆಯಲ್ಲಿ ಹೊಸದಾಗುತ್ತದೆ. ಆ ದಿನ ಪಾಠ, ಹಾಡು, ಅನ್ನಸಂತರ್ಪಣೆ ನಡೆಯುತ್ತವೆ. ಕಲ್ಲಿನ ಬೃಂದಾವನವನ್ನು ಜೀವಂತವಾಗಿಟ್ಟಿರುವುದು ಈ ವಾರ್ಷಿಕ ನಡಾವಳಿ.

ನಾಲ್ಕು ಅಂಗಗಳ ಮಾದರಿ ಯುದ್ಧಕ್ಕೆ ಮೀಸಲಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ವಿದ್ಯೆಯ ನೆಲೆಗಳಲ್ಲೂ ನೆನಪು ಏರ್ಪಾಡಿನೊಡನೆಯೇ ಬಂತು.

4. ಫಲಕ ಬಂದ ದಾರಿ, ಹೆಸರಷ್ಟೇ ಉಳಿದ ಬಗೆ

ಶಾಲೆಯ ಲೋಹಫಲಕ ನಮ್ಮಲ್ಲಿಗೆ ಬಂದದ್ದು ಬೇರೆ ದಾರಿಯಿಂದ. ಇಂಗ್ಲೆಂಡಿನ ಶಾಲೆಗಳಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ಮತ್ತು ಮೊದಲ ಮಹಾಯುದ್ಧದ ನಂತರ, ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಹಿತ್ತಾಳೆ ಕಂಚುಗಳಲ್ಲಿ ಬರೆಸಿ ಪ್ರಾರ್ಥನಾಮಂದಿರದಲ್ಲಿ ಹಾಕುವುದು ವ್ಯಾಪಕವಾಯಿತು. ದಂಡುಪ್ರದೇಶದ ಹಾಗೂ ಮಿಷನ್ ಶಾಲೆಗಳ ಮೂಲಕ ಆ ಅಭಿರುಚಿ ಇಲ್ಲಿಗೂ ಹಬ್ಬಿತು. ಕರ್ನಾಟಕದ ನೆಲಕ್ಕೂ ಆ ಮಹಾಯುದ್ಧಕ್ಕೂ ಇದ್ದ ನಂಟಿಗೆ ವಿಲಿಯಂ ಲೀಫ್ ರಾಬಿನ್ಸನ್ ಒಳ್ಳೆಯ ಉದಾಹರಣೆ. ಕೊಡಗಿನ ಕಾಫಿ ತೋಟದಲ್ಲಿ 1895ರಲ್ಲಿ ಹುಟ್ಟಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಈತ, 1916ರ ಸೆಪ್ಟೆಂಬರ್ 2–3ರ ನಡುವಿನ ರಾತ್ರಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನಿಯ ವಾಯುನೌಕೆಯೊಂದನ್ನು ಉರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. 1918ರ ಕೊನೆಯ ದಿನ ಇನ್‌ಫ್ಲುಯೆನ್ಜಾದಿಂದ ತೀರಿಕೊಂಡ. ಇಂಥ ಮಡಿದ ಯುವಕರ ನೆನಪಿಗೆ ಮೂಡಿದ ಫಲಕದ ಭಾಷೆ ಬಹಳ ಚಿಕ್ಕದು: ಹೆಸರು, ದರ್ಜೆ, ದಿನಾಂಕ. ನೂರಾರು ಹೆಸರುಗಳು ಒಟ್ಟಿಗೆ ಸಾಲುಗಟ್ಟಬೇಕಾದಾಗ ಆ ಸಂಕ್ಷೇಪ ಅನಿವಾರ್ಯವಾಗಿತ್ತು. ಒಬ್ಬರದೇ ಫಲಕಕ್ಕೆ ಅದನ್ನು ಎರವಲು ತರುವುದಕ್ಕೆ ಕಾರಣವಿಲ್ಲ.

ಮಿಷನ್ನಿನವರಲ್ಲೇ ಬೇರೆ ಮಾದರಿಯೂ ಇತ್ತು. ಕೋಲಾರದ ಎಲೆನ್ ಥಾಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಊರವರು ಇ.ಟಿ.ಸಿ.ಎಂ. ಆಸ್ಪತ್ರೆ ಎಂದೇ ಕರೆಯುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಹೆಸರು ಕಟ್ಟಡಕ್ಕೆ ಅಂಟಿಕೊಂಡು ನಿಂತಿಲ್ಲ, ಚಿಕಿತ್ಸೆಯೊಡನೆ ನಡೆದುಬಂದಿದೆ. ಪೂರ್ಣ ಹೆಸರು ಗೊತ್ತಿಲ್ಲದವರಿಗೂ ಸ್ಮಾರಕದ ಫಲ ಮುಟ್ಟಿದೆ.

ಹೆಸರೊಂದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀನಿವಾಸಪುರದ ಹೆಸರನ್ನೇ ನೋಡಬಹುದು. ಆ ಊರು ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗಿಟ್ಟರು. ಇಂದು ಮಾವಿನ ಹಂಗಾಮಿನಲ್ಲಿ ಆ ಹೆಸರು ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಕೇಳಿಬರುತ್ತದೆ. ಆದರೆ ಅದನ್ನು ಉಚ್ಚರಿಸುವವರಿಗೆ ದಿವಾನರ ಮಗ ನೆನಪಾಗುವುದಿಲ್ಲ, ಬಾದಾಮಿ ಮಾವು ನೆನಪಾಗುತ್ತದೆ. ಒಂದಿಡೀ ಊರಿನಷ್ಟು ದೊಡ್ಡ ಫಲಕ ಸಿಕ್ಕರೂ, ಕೆಲಸದ ಮಾತು ಜೊತೆಗಿಲ್ಲದ ಹೆಸರು ವ್ಯಕ್ತಿಯಿಂದ ಕಳಚಿಕೊಳ್ಳುತ್ತದೆ. ಊರಿನ ಹಿರಿಮೆಯನ್ನು ಅಲ್ಲಿನ ರೈತರು ತಮ್ಮ ದುಡಿಮೆಯಿಂದ ಗಳಿಸಿಕೊಂಡರು ಎಂಬುದು ಬೇರೆಯೇ ಸಂತೋಷದ ವಿಷಯ.

5. ಇಬ್ಬರು ಹಳೆಯ ವಿದ್ಯಾರ್ಥಿಗಳು

ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಎಂದೆಂದಿಗೂ ಹೆಮ್ಮೆಪಡಬಹುದಾದ ಇಬ್ಬರನ್ನು ತೆಗೆದುಕೊಂಡು ಮೇಲಿನ ಮಾದರಿಯನ್ನು ಒರೆಗೆ ಹಚ್ಚಬಹುದು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರ ಮಾರ್ಚ್ 17ರಂದು. ಅವರ ಮೊದಲ ಓದು ಅಲ್ಲೇ. ಮುಂದೆ ಮೆಟ್ರಿಕ್ಯುಲೇಷನ್‌ನಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯಿಲ್ಲದೆ, ಸ್ವಂತ ಓದಿನಿಂದ ಪತ್ರಕರ್ತರಾಗಿ, ಕವಿಯಾಗಿ, ರಾಜ್ಯಶಾಸ್ತ್ರದ ವಿಚಾರಕರಾಗಿ ಬೆಳೆದರು. 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1943ರಲ್ಲಿ ‘ಮಂಕುತಿಮ್ಮನ ಕಗ್ಗ’, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಗೀತೆಯ ತಾತ್ಪರ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಸಾಮಾನ್ಯ ಫಲಕ ಇದರಲ್ಲಿ ಪ್ರಶಸ್ತಿಗಳನ್ನು ಆರಿಸಿಕೊಳ್ಳುತ್ತದೆ, ಮೆಟ್ರಿಕ್ಯುಲೇಷನ್ನಿನ ಸೋಲನ್ನು ಬಿಡುತ್ತದೆ. ಶಾಲೆಯ ಫಲಕ ಮಾಡಬೇಕಾದದ್ದು ಇದಕ್ಕೆ ವಿರುದ್ಧವಾದದ್ದನ್ನು. ಆ ಗೋಡೆಯ ಮುಂದೆ ನಿಲ್ಲುವ ಮಗುವಿಗೆ ಪದ್ಮಭೂಷಣ ದೂರದ ಮಾತು, ಪರೀಕ್ಷೆಯ ಭಯ ಹತ್ತಿರದ ಮಾತು. ಪರೀಕ್ಷೆಯಲ್ಲಿ ಸೋತವರೊಬ್ಬರು ಓದನ್ನು ಬಿಡಲಿಲ್ಲ ಎಂಬ ಸಂಗತಿ ಅದಕ್ಕೆ ನೇರವಾಗಿ ತಾಗುತ್ತದೆ. ಶಾಲೆಗೆ ಈ ಸತ್ಯವನ್ನು ಹೇಳುವ ಹಕ್ಕೂ ಇದೆ, ಹೊಣೆಯೂ ಇದೆ.

ಡಿ.ವಿ.ಜಿ.ಯವರಿಗೆ ಫಲಕವೇ ಒಪ್ಪಿಗೆಯಾಗುತ್ತಿರಲಿಲ್ಲ ಎಂದು ವಾದಿಸಬಹುದು. ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಅರಳಿ ಕಂಪು ಬೀರಿ ಮುದುಡುವ ಹೂವಿನಂತೆ ತನ್ನ ಬಾಳಿರಲಿ ಎಂಬ ಹಾರೈಕೆಯ ‘ವನಸುಮ’ ಬರೆದವರು ಅವರು. ಆದರೆ ನೆನೆಯುವ ಕೆಲಸವನ್ನು ಅವರಷ್ಟು ಗಂಭೀರವಾಗಿ ಮಾಡಿದ ಕನ್ನಡ ಲೇಖಕರು ವಿರಳ. ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ದಿವಾನರಿಗೂ ವಿದ್ವಾಂಸರಿಗೂ ಸಿಕ್ಕ ಮಮತೆಯೇ ಊರಿನ ಸಾಮಾನ್ಯರಿಗೂ ಸಿಕ್ಕಿದೆ. ‘ಹೃದಯ ಸಂಪನ್ನರು’ ಎಂಬ ಒಂದು ಸಂಪುಟವೇ ಇದೆ. ಅಲ್ಲಿ ವ್ಯಕ್ತಿಗಳು ಪದವಿಯಿಂದ ಗುರುತಾಗುವುದಿಲ್ಲ. ಅವರ ಒಂದು ಮಾತು, ಒಂದು ನಡವಳಿಕೆ, ಒಂದು ಉಪಕಾರದಿಂದ ಗುರುತಾಗುತ್ತಾರೆ. ಸ್ಮಾರಕ ಬರಹದ ಎರಡನೆಯ ಅಂಗವಾದ ‘ಕೆಲಸ’ವನ್ನು ಹೇಗೆ ಹೇಳಬೇಕೆಂಬುದಕ್ಕೆ ಆ ಸಂಪುಟಗಳು ಆಧುನಿಕ ಕನ್ನಡದ ಪಾಠಶಾಲೆ.

ಮೂರನೆಯ ಅಂಗವನ್ನೂ ಅವರು ನಡೆದು ತೋರಿಸಿದರು. 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದ ಸನ್ಮಾನದಲ್ಲಿ ಅರ್ಪಿಸಿದ ನಿಧಿಯನ್ನು ಅವರು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ತಮಗೆ ಬಂದ ಗೌರವವನ್ನು ಸಂಸ್ಥೆಯ ಬಾಳಿಗೆ ಒಪ್ಪಿಸಿದ ಈ ನಡೆ, ಮೆಚ್ಚುಗೆಯನ್ನು ಭೂಮಿಯಾಗಿ ಮಾರ್ಪಡಿಸುತ್ತಿದ್ದ ಶಾಸನಕಾಲದ ರೂಢಿಗೆ ನೇರ ವಾರಸು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, 1891ರ ಜೂನ್ 6ರಂದು. ತೀರಿಕೊಂಡದ್ದು ಅದೇ ದಿನಾಂಕದಂದು, 1986ರಲ್ಲಿ. ಬಡತನದಲ್ಲಿ, ಊರಿಂದೂರಿಗೆ ಹೋಗಿ ಓದಿ, ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ನ್ಯಾಯವಾಗಿ ಬರಬೇಕಾದ ಹುದ್ದೆ ತಪ್ಪಿದಾಗ 1943ರಲ್ಲಿ ಕೆಲಸ ಬಿಟ್ಟು ಬಂದರು. 1920ರ ‘ಕೆಲವು ಸಣ್ಣ ಕತೆಗಳು’ ಸಂಕಲನದಿಂದ ಆರಂಭಿಸಿ, ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠದವರೆಗೆ ಅವರದು ಆರು ದಶಕದ ಬರವಣಿಗೆ. ಮನೆಮಾತು ತಮಿಳು, ಬದುಕಿನ ಮಾತು ಕನ್ನಡ. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ನುಡಿ ನಾಡಿನ ಬಾಯಲ್ಲಿ ನೆಲೆಯಾಗಿದೆ.

ಮಾಸ್ತಿ ಗ್ರಾಮದಲ್ಲಿ ಅವರ ಮನೆ ಗ್ರಂಥಾಲಯವಾಗಿದೆ, ಅವರ ಹೆಸರಿನಲ್ಲಿ ವಸತಿ ಶಾಲೆಯೂ ತಾಲ್ಲೂಕಿನಲ್ಲಿ ಇದೆ. ಓದಿಗಾಗಿ ಅವರಿವರ ಮನೆಯಲ್ಲಿ ಉಂಡು ಬೆಳೆದ ಹುಡುಗನ ಹೆಸರಿನಲ್ಲಿ ಮಕ್ಕಳಿಗೆ ಊಟ ವಸತಿಯ ಶಾಲೆ ಇರುವುದು ಈ ಲೇಖನದ ವಾದಕ್ಕೆ ಸಿಗಬಹುದಾದ ಅತ್ಯುತ್ತಮ ಪುರಾವೆ. ಇಲ್ಲಿ ಸ್ಮಾರಕವೂ ಸ್ಮರಿಸಲ್ಪಟ್ಟವರ ಬದುಕೂ ಒಂದಕ್ಕೊಂದು ಉತ್ತರ ಕೊಡುತ್ತವೆ.

6. ದಾಖಲೆ, ಭಾಷೆ, ಲೋಹ

ಫಲಕದ ಬರಹವನ್ನು ಸಿದ್ಧಪಡಿಸುವುದು ಚಿಕ್ಕದಾದರೂ ಸಂಶೋಧನೆಯ ಕೆಲಸ. ಮೊದಲ ತೊಡಕು ದಿನಾಂಕದ್ದು. ಹಳೆಯ ದಾಖಲಾತಿ ವಹಿಗಳಲ್ಲಿ ಹುಟ್ಟಿದ ದಿನವನ್ನು ಮೇಷ್ಟರೇ ಅಂದಾಜಿನಿಂದ ಬರೆದುಕೊಳ್ಳುತ್ತಿದ್ದುದು ನಮ್ಮ ಹಿರಿಯರೆಲ್ಲರಿಗೂ ಗೊತ್ತು. ಶಾಲೆಗೆ ಸೇರುವ ವಯಸ್ಸಿಗೆ ಹೊಂದುವಂತೆ ಜೂನ್ ತಿಂಗಳ ದಿನಾಂಕ ಹಾಕಿಬಿಡುವುದು ಸಾಮಾನ್ಯವಾಗಿತ್ತು. ಅವಿಭಜಿತ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರಂಥವರ ಹುಟ್ಟಿದ ವರ್ಷವೇ ಕೆಲವೆಡೆ 1860, ಕೆಲವೆಡೆ 1861 ಎಂದು ಮುದ್ರಿತವಾಗಿದೆ. ಆದ್ದರಿಂದ ವಹಿ, ವರ್ಗಾವಣೆ ಪತ್ರ, ಮನೆಯವರ ಜಾತಕ ಇವುಗಳನ್ನು ಹೋಲಿಸಿ, ಹೊಂದದಿದ್ದರೆ ವರ್ಷವನ್ನು ಮಾತ್ರ ಕೊಡುವುದು ಲೇಸು. ಶಾಲೆಯೇ ಖಚಿತವಾಗಿ ಹೇಳಬಲ್ಲ ಒಂದು ಸಂಗತಿಯೆಂದರೆ ವಿದ್ಯಾರ್ಥಿ ಅಲ್ಲಿ ಯಾವ ವರ್ಷ ಸೇರಿದರು, ಯಾವ ವರ್ಷ ಬಿಟ್ಟರು ಎಂಬುದು. ಫಲಕಗಳಲ್ಲಿ ಅದೇ ಕಾಣೆಯಾಗಿರುತ್ತದೆ.

ಎರಡನೆಯದು ಭಾಷೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಕನ್ನಡ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಕಲಿಯುವ ಸೀಮೆ ಇದು. ಫಲಕ ಅವರೆಲ್ಲರೂ ಓದಬಲ್ಲ ಸರಳ ಕನ್ನಡದಲ್ಲಿರಬೇಕು. ಆಂಗ್ಲ ಅಕ್ಷರದ ಪದವಿಮಾಲೆ ಆ ಮಗುವಿಗೆ ಏನನ್ನೂ ಹೇಳುವುದಿಲ್ಲ.

ಮೂರನೆಯದು ಲೋಹ ಮತ್ತು ಕೈಕೆಲಸ. ಫಲಕಕ್ಕಾಗಿ ದೂರ ಹೋಗಬೇಕಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ತಲೆಮಾರುಗಳಿಂದ ಶಿಲ್ಪಿಗಳ ಊರು. ಕಲ್ಲಿನ ವಿಗ್ರಹಗಳ ಜೊತೆಗೆ ಲೋಹದ ಎರಕವೂ ಅಲ್ಲಿ ನಡೆಯುತ್ತದೆ. ಮೇಣದಚ್ಚಿನ ವಿಧಾನದಲ್ಲಿ ಮೊದಲು ಜೇನುಮೇಣಕ್ಕೆ ರಾಳ ಬೆರೆಸಿ ರೂಪ ತಿದ್ದುತ್ತಾರೆ. ಅದರ ಮೇಲೆ ನುಣ್ಣನೆಯ ಮಣ್ಣನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ದಪ್ಪ ಮಣ್ಣಿನ ಪದರ ಕೊಟ್ಟು, ಲೋಹ ಹರಿಯುವ ಹಾಗೂ ಗಾಳಿ ಹೊರಡುವ ದಾರಿ ಬಿಟ್ಟು, ಬೆಂಕಿಗೆ ಒಡ್ಡುತ್ತಾರೆ. ಮೇಣ ಕರಗಿ ಹೋದ ಟೊಳ್ಳಿಗೆ ಕಾದ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚನ್ನು ಒಡೆದು, ಚಾಣ ಮತ್ತು ಅರದಿಂದ ಅಕ್ಷರದ ಅಂಚುಗಳನ್ನು ಬಿಡಿಸುತ್ತಾರೆ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ ಈ ವಿಧಾನವನ್ನು, ಮೇಣದ ತೂಕದಿಂದ ಲೋಹದ ತೂಕವನ್ನು ಲೆಕ್ಕಹಾಕುವ ಕ್ರಮ ಸಹಿತ, ವಿವರಿಸುತ್ತದೆ.

ಕನ್ನಡ ಲಿಪಿಗೆ ಎರಕದಲ್ಲಿ ವಿಶೇಷ ಎಚ್ಚರಿಕೆ ಬೇಕು. ದುಂಡಾದ ಅಕ್ಷರಗಳ ಒಳಬಯಲು ಕಿರಿದಾದರೆ ಲೋಹ ತುಂಬಿ ಮುಚ್ಚಿಹೋಗುತ್ತದೆ. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಸಾಕಷ್ಟು ಜಾಗ ಬೇಕು. ಆದ್ದರಿಂದ ಬರಹ ಚಿಕ್ಕದಿದ್ದಷ್ಟೂ ಅಕ್ಷರ ದೊಡ್ಡದಾಗಿ, ಬಾಳಿಕೆಯದಾಗಿ ಮೂಡುತ್ತದೆ. ಅಲ್ಪಪ್ರಾಣ ಮಹಾಪ್ರಾಣದ ಒಂದು ತಪ್ಪು ಲೋಹದಲ್ಲಿ ಕೂತರೆ ತಲೆಮಾರುಗಳ ಮಕ್ಕಳು ಅದನ್ನೇ ಸರಿಯೆಂದು ಕಲಿಯುತ್ತಾರೆ. ಮೇಣದ ಹಂತದಲ್ಲೇ ಕನ್ನಡ ಮೇಷ್ಟರು ಎರಡು ಬಾರಿ ಓದಿ ಒಪ್ಪಬೇಕು. ಹಾಕಿದ ಮೇಲೆ ಆರೈಕೆಯೂ ಮುಖ್ಯ. ಕಂಚಿನ ಮೇಲ್ಮೈಯಲ್ಲಿ ಸಹಜವಾಗಿ ಬರುವ ಕಂದು ಛಾಯೆ ಲೋಹವನ್ನು ಕಾಪಾಡುತ್ತದೆ. ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿದರೆ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ. ಒಣಬಟ್ಟೆಯಲ್ಲಿ ದೂಳು ಒರೆಸಿ, ಆಗಾಗ ತೆಳುವಾಗಿ ಮೇಣ ಸವರಿದರೆ ಸಾಕು.

7. ಫಲಿತಗಳು ಮತ್ತು ಸೂಚನೆ

ಈವರೆಗಿನ ಪರಿಶೀಲನೆಯಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದು, ಕೋಲಾರ ಸೀಮೆಯ ಶಾಸನಪರಂಪರೆಯಲ್ಲಿ ಸ್ಮಾರಕವೆಂದರೆ ನೆನಪಿನೊಡನೆ ಬಂದ ಏರ್ಪಾಡು. ಬರಹ ಆ ಏರ್ಪಾಡಿನ ಪತ್ರ. ಎರಡನೆಯದು, ಶಾಲೆಯ ಲೋಹಫಲಕ ಬೇರೆ ಸಂದರ್ಭದ ಸಂಕ್ಷೇಪವನ್ನು ಎರವಲು ತಂದು ಆ ನಂಟನ್ನು ಕಡಿದುಕೊಂಡಿತು. ಮೂರನೆಯದು, ಕಡಿದ ನಂಟನ್ನು ಕೂಡಿಸುವ ಸಾಧನ ನಮ್ಮ ಕೈಯಲ್ಲೇ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು, ಶಾಲೆಗಳ ದತ್ತಿ ಬಹುಮಾನಗಳು ಹಳೆಯ ಕಲ್ನಾಡಿನ ಮರಿಮಕ್ಕಳು. ಫಲಕವೊಂದು ಕಡೆ, ದತ್ತಿಯೊಂದು ಕಡೆ ಇರುವುದನ್ನು ಒಂದೇ ಬರಹದಲ್ಲಿ ತಂದರೆ ಸಾಕು.

ಡಿ.ವಿ.ಜಿ.ಯವರ ಹೆಸರಿನಲ್ಲಿ ಮುಳಬಾಗಿಲಿನ ಶಾಲೆಯೊಂದರಲ್ಲಿ ಫಲಕ ನಿಲ್ಲಿಸುವುದಾದರೆ ಬರಹ ಹೀಗಿರಬಹುದು:

‘ಡಿ.ವಿ. ಗುಂಡಪ್ಪನವರು ಈ ಊರಿನಲ್ಲಿ 1887ರಲ್ಲಿ ಹುಟ್ಟಿ ಇಲ್ಲೇ ಅಕ್ಷರ ಕಲಿತರು. ಮೆಟ್ರಿಕ್ಯುಲೇಷನ್‌ನಲ್ಲಿ ತೇರ್ಗಡೆಯಾಗಲಿಲ್ಲ, ಓದುವುದನ್ನು ನಿಲ್ಲಿಸಲಿಲ್ಲ. ಮಂಕುತಿಮ್ಮನ ಕಗ್ಗ ಬರೆದರು. ತಮಗೆ ಬಂದ ಸನ್ಮಾನದ ಹಣವನ್ನು ಸಾರ್ವಜನಿಕ ಸಂಸ್ಥೆಗೆ ಕೊಟ್ಟರು. ಅವರ ಹೆಸರಿನಲ್ಲಿ ಇಟ್ಟ ದತ್ತಿಯ ಬಡ್ಡಿಯಿಂದ ಪ್ರತಿ ವರ್ಷ ಈ ಶಾಲೆಯ ಮಕ್ಕಳಿಗೆ ಪುಸ್ತಕ ಕೊಡಬೇಕು. ಇದನ್ನು ನಡೆಸುವ ಹೊಣೆ ಮುಖ್ಯೋಪಾಧ್ಯಾಯರದು ಮತ್ತು ಹಳೆಯ ವಿದ್ಯಾರ್ಥಿಗಳದು.’

ಇದರಲ್ಲಿ ಹೆಸರು, ಕೆಲಸ, ದತ್ತಿ, ಕಾವಲು ನಾಲ್ಕೂ ಇವೆ. ಅನಾವರಣ ಮಾಡಿದವರ ಹೆಸರಿಗೆ ಶಾಲೆಯ ಕಾರ್ಯಕ್ರಮದ ವರದಿಯಲ್ಲಿ ಜಾಗವಿದೆ. ಲೋಹದ ಮೇಲೆ ಬೇಡ. ಶಾಪಾಶಯದ ಬದಲು ವಾರ್ಷಿಕ ಲೆಕ್ಕಪತ್ರವಿರಲಿ: ಆ ವರ್ಷ ಎಷ್ಟು ಬಡ್ಡಿ ಬಂತು, ಯಾವ ಪುಸ್ತಕ ಯಾರಿಗೆ ಸಂದಿತು ಎಂಬುದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲರೆದುರು ಓದಿ ಹೇಳಲಿ. ಇನ್ನೂ ಒಂದು ಮಾತು: ಪ್ರಸಿದ್ಧರಿಗೇ ಫಲಕ ಮೀಸಲಾಗಬೇಕಿಲ್ಲ. ಊರಿನ ದನ ಕಾದು ಸತ್ತ ಸಾಮಾನ್ಯನಿಗೆ ಕಲ್ಲು ನಿಲ್ಲಿಸಿದ ಸೀಮೆ ಇದು. ಮೊದಲ ಬಾರಿಗೆ ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಗಳು, ಊರಿಗೆ ಮರಳಿ ಪಾಠ ಹೇಳಿದ ಮೇಷ್ಟರು, ಹೆರಿಗೆಗೆ ರಾತ್ರಿ ನಡೆದು ಹೋದ ದಾದಿ ಇವರೂ ಯಾವುದೋ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಅವರು ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಖಚಿತವಾಗಿ ಹೇಳಲು ಸಾಧ್ಯವಾದರೆ, ಅವರ ಹೆಸರಿನಲ್ಲಿ ಒಂದು ಮಗುವಿನ ಓದಿಗೆ ನೆರವಾಗಲು ಊರು ಸಿದ್ಧವಿದ್ದರೆ, ಫಲಕಕ್ಕೆ ಬೇಕಾದ ಅರ್ಹತೆ ಪೂರ್ಣವಾದಂತೆ.